ಹನ್ನೆರಡು ವೋಲ್ಟಿನ ಲೆಕ್ಕ

ಕೇಳುಗರೆಲ್ಲರಿಗೂ ನಮಸ್ಕಾರ.

ಹಳೆಯ ಕಾರಿನ ಚಾವಿ ತಿರುಗಿಸಿದರೆ ಇಂಜಿನ್ ಗುರ್ರೆಂದು ಏಳಬೇಕು. ಎದ್ದರೆ ಮಾತೇ ಇಲ್ಲ. ಕೆಲವು ಸಲ ಏನೂ ಸದ್ದೇ ಇರುವುದಿಲ್ಲ. ಇನ್ನು ಕೆಲವು ಸಲ ಬಾನೆಟ್ಟಿನ ಒಳಗಿಂದ ಒಂದೇ ಒಂದು 'ಟಕ್' ಬಂದು ಸುಮ್ಮನಾಗುತ್ತದೆ. ಇವತ್ತು ನಾನು ಮಾತಾಡಲು ಹೊರಟಿರುವುದು ಆ ಟಕ್ಕಿನ ಬಗ್ಗೆ.

ನಾನು ಮೆಕ್ಯಾನಿಕ್ ಅಲ್ಲ. ಮುಂಬೈಯಲ್ಲಿ 34 ವರ್ಷ ಬ್ಯಾಂಕಿನ ಲೆಜರ್ ಬರೆದು ನಿವೃತ್ತನಾದವನು. ಮುಲುಂಡಿನ ನಮ್ಮ ಸೊಸೈಟಿಯ ಕಾಂಪೌಂಡಿನಲ್ಲಿ 1989ರ ಪ್ರೀಮಿಯರ್ ಪದ್ಮಿನಿ ಕಾರೊಂದು ನಿಂತಿದೆ, ಅದು ನನ್ನದು. ಕುರ್ಲಾದ ಕಾರ್ಖಾನೆಯಲ್ಲಿ ಹುಟ್ಟಿದ್ದು. ಕುರ್ಲಾದಿಂದ ನಮ್ಮ ಮುಲುಂಡಿಗೆ ಸ್ಲೋ ಲೋಕಲ್‌ನಲ್ಲಿ ಏಳನೇ ಸ್ಟೇಷನ್. ಅಷ್ಟು ದೂರ ಬರಲು ಮೂವತ್ತು ಚಿಲ್ಲರೆ ವರ್ಷ ತೆಗೆದುಕೊಂಡಿದೆ ಎಂದು ನನ್ನ ಮಗ ತಮಾಷೆ ಮಾಡುತ್ತಾನೆ. ಮಾಡಲಿ.

ಒಂದು ಆಗಸ್ಟ್ ತಿಂಗಳು, ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ. ಮಾಟುಂಗಾಕ್ಕೆ ಹೋಗಿ ಮಲ್ಲಿಗೆ, ಬಾಳೆ ಎಲೆ, ವೀಳ್ಯದೆಲೆ ತರಬೇಕು. ಹಿಂದಿನ ರಾತ್ರಿಯಿಡೀ ಮಳೆ ಹೊಡೆದಿತ್ತು. ಚಾವಿ ತಿರುಗಿಸಿದೆ. ಟಕ್. ಇನ್ನೊಮ್ಮೆ ತಿರುಗಿಸಿದೆ. ಟಕ್. ವಾಚ್‌ಮನ್ನನ್ನೂ ಹಾಲಿನ ಹುಡುಗನನ್ನೂ ಕರೆದು ತಳ್ಳಿಸಿದೆ, ಸೆಕೆಂಡ್ ಗೇರಿನಲ್ಲಿ ಕ್ಲಚ್ ಬಿಟ್ಟ ಕೂಡಲೇ ಗಾಡಿ ಶುರುವಾಯಿತು. ಮಲ್ಲಿಗೆ ಬಂತು, ಹಬ್ಬ ಆಯಿತು.

ಮಾರನೆಯ ದಿನ ಒಬ್ಬ ವೈರ್‌ಮನ್ ಬಂದ. ಚಾವಿ ತಿರುಗಿಸಿ ನೋಡಿ, "ಅಂಕಲ್, ಬ್ಯಾಟರಿ ಕೂತಿದೆ" ಎಂದ. ಹೊಸ ಬ್ಯಾಟರಿ ಹಾಕಿಸಿದೆ. ಒಂದು ವಾರ ಸರಿಯಿತ್ತು, ಆಮೇಲೆ ಮತ್ತೆ ಟಕ್. "ಹಾಗಾದರೆ ಸೆಲ್ಫ್ ಹೋಗಿದೆ" ಎಂದ. ಸೆಲ್ಫ್ ಅಂದರೆ ಇಂಜಿನ್ನನ್ನು ಮೊದಲು ತಿರುಗಿಸಿ ಎಬ್ಬಿಸುವ ಸ್ಟಾರ್ಟರ್ ಮೋಟರು. ಇಳಿಸಿ, ಬುಶ್ ಬದಲಿಸಿ, ಕಾರ್ಬನ್ ಹೊಸದು ಹಾಕಿ, ಮೂರು ದಿನ ಬಿಟ್ಟು ತಂದುಕೊಟ್ಟ. ಹತ್ತು ದಿನ ಓಡಿತು. ಮತ್ತೆ ಟಕ್. ಅವನನ್ನು ದೂರುವುದಿಲ್ಲ. ಬ್ಯಾಟರಿಯೂ ಹಳತಾಗಿತ್ತು, ಕಾರ್ಬನ್ನೂ ಸವೆದಿತ್ತು. ಬಿಚ್ಚಿ ಜೋಡಿಸುವ ಗಡಿಬಿಡಿಯಲ್ಲಿ ಎಲ್ಲೋ ಒಂದು ಕಡೆ ಅಲುಗಾಡಿ ಸ್ವಲ್ಪ ದಿನ ಸರಿಯಾಗುತ್ತಿತ್ತು, ಅಷ್ಟೆ.

ಗುಟ್ಟು ಬಿಟ್ಟುಕೊಟ್ಟದ್ದು ಚೋಕ್. ಒಂದು ಬೆಳಿಗ್ಗೆ ಹಟ ಹಿಡಿದು ಏಳೆಂಟು ಸಲ ಚಾವಿ ತಿರುಗಿಸಿದೆ. ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ, "ಇದೆಂಥ ಮಾರಾಯ್ರೆ, ಹೊಗೆ ಬರ್ತಾ ಉಂಟಲ್ಲ!" ಎಂದಳು. ಡ್ಯಾಶ್‌ಬೋರ್ಡಿನ ಕೆಳಗಿಂದ ತೆಳ್ಳಗೆ ಹೊಗೆ, ಪ್ಲಾಸ್ಟಿಕ್ ಕರಗಿದ ವಾಸನೆ. ಚೋಕಿನ ಹಿಡಿಗೆ ಕೈ ಹಾಕಿದವನು ಚಟ್ಟನೆ ಹಿಂದೆ ತೆಗೆದೆ. ಕಾವಲಿಯ ಹಾಗೆ ಸುಡುತ್ತಿತ್ತು.

ಚೋಕಿಗೂ ಕರೆಂಟಿಗೂ ಏನು ಸಂಬಂಧ? ಚೋಕ್ ಅಂದರೆ ಒಂದು ಸರಿಗೆ. ಅದು ಇಲ್ಲಿಂದ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರಿಗೆ ಹೋಗುತ್ತದೆ, ಎಳೆದರೆ ಗಾಳಿಯ ದಾರಿ ಮುಚ್ಚುತ್ತದೆ. ಅದರಲ್ಲಿ ವಿದ್ಯುತ್ತಿಗೆ ಕೆಲಸವೇ ಇಲ್ಲ. ಆದರೂ ಕಾದಿದೆ. ಅಂದರೆ ಹೋಗಬಾರದ ಕರೆಂಟು ಅದರ ಮೂಲಕ ಹೋಗಿದೆ.

ಈಗ ಸ್ವಲ್ಪ ನಿಧಾನಕ್ಕೆ ಕೇಳಿ. ಕಾರಿನಲ್ಲಿ ಬ್ಯಾಟರಿಯ ಪ್ಲಸ್‌ನಿಂದ ಪ್ರತಿಯೊಂದು ದೀಪಕ್ಕೂ ಮೋಟರಿಗೂ ವೈರ್ ಹೋಗುತ್ತದೆ. ವಾಪಸ್ಸು ಬರಲು ಬೇರೆ ವೈರ್ ಇಲ್ಲ, ಕಾರಿನ ಕಬ್ಬಿಣದ ಮೈಯೇ ವಾಪಸ್ಸಿನ ದಾರಿ. ಅದನ್ನೇ ಅರ್ಥ್ ಅನ್ನುವುದು. ಬ್ಯಾಟರಿಯ ಮೈನಸ್ಸಿನಿಂದ ಒಂದು ದಪ್ಪ ತಂತಿ ಬಂದು ಬಾಡಿಗೆ ಬೋಲ್ಟಾಗಿರುತ್ತದೆ. ಆದರೆ ಇಂಜಿನ್ ಕೂತಿರುವುದು ರಬ್ಬರ್ ಗಟ್ಟಿಗಳ ಮೇಲೆ, ಇಲ್ಲದಿದ್ದರೆ ಅದರ ನಡುಕವೆಲ್ಲ ನಮ್ಮ ಬೆನ್ನಿಗೇ ಬರುತ್ತದೆ. ರಬ್ಬರಿನಲ್ಲಿ ಕರೆಂಟು ಹರಿಯುವುದಿಲ್ಲ. ಆದ್ದರಿಂದ ಇಂಜಿನ್ನಿನಿಂದ ಬಾಡಿಗೆ ಜಡೆಯಂತೆ ಹೆಣೆದ ತಾಮ್ರದ ಪಟ್ಟಿಯೊಂದನ್ನು ಕಟ್ಟಿರುತ್ತಾರೆ. ಸೆಲ್ಫ್ ಮೋಟರು ಎಳೆಯುವ ನೂರೈವತ್ತು ಆಂಪಿಯರ್ ಆಸುಪಾಸಿನ ಕರೆಂಟೆಲ್ಲ ಈ ಪಟ್ಟಿಯಿಂದಲೇ ಮನೆಗೆ ಮರಳಬೇಕು. ಪಟ್ಟಿ ಕೆಟ್ಟರೆ ಅದು ಸಿಕ್ಕ ಸಂದಿಯಲ್ಲಿ ನುಗ್ಗುತ್ತದೆ. ನನ್ನ ಗಾಡಿಯಲ್ಲಿ ಸಿಕ್ಕಿದ್ದು ಬಡಪಾಯಿ ಚೋಕ್ ಸರಿಗೆ.

ಇಷ್ಟು ತಿಳಿದರೂ ಸಾಬೀತು ಮಾಡಬೇಕಲ್ಲ. ಅಲ್ಲಿ ನನಗೆ ಬ್ಯಾಂಕಿನ ಕೆಲಸ ನೆನಪಾಯಿತು. ಕಂಪ್ಯೂಟರ್ ಬರುವ ಮುಂಚೆ ದಿನದ ಕೊನೆಯಲ್ಲಿ ಲೆಕ್ಕ ತಾಳೆಯಾಗಬೇಕಿತ್ತು. ನಾಲ್ಕು ರೂಪಾಯಿ ವ್ಯತ್ಯಾಸ ಬಂದರೂ ಅದು ಯಾವ ಪುಟದಲ್ಲಿ ಕೂತಿದೆ ಎಂದು ರಾತ್ರಿ ಒಂಬತ್ತರವರೆಗೆ ಹುಡುಕುತ್ತಿದ್ದೆವು. ಕಾರಿನಲ್ಲೂ ಹಾಗೆಯೇ. ಬ್ಯಾಟರಿ ಕೊಟ್ಟ ವೋಲ್ಟು ಎಲ್ಲೆಲ್ಲಿ ಖರ್ಚಾಯಿತು ಎಂದು ಕೂಡಿದರೆ ಕೊಟ್ಟಷ್ಟೇ ಮೊತ್ತ ಬರಬೇಕು. ಇದನ್ನು 1845ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ ಬರೆದಿಟ್ಟವನು ಜರ್ಮನಿಯ ಕಿರ್ಕಾಫ್. ಬ್ಯಾಂಕಿಗೆ ಬಂದಿದ್ದರೆ ಒಳ್ಳೆಯ ಅಕೌಂಟೆಂಟ್ ಆಗುತ್ತಿದ್ದ.

ಲ್ಯಾಮಿಂಗ್ಟನ್ ರೋಡಿನಿಂದ ಒಂದು ಸಾಧಾರಣ ಮಲ್ಟಿಮೀಟರ್ ತಂದೆ. ಮೊದಲು ಬ್ಯಾಟರಿಯ ಎರಡು ಕಂಬಗಳಿಗೇ ಹಿಡಿದೆ: 12.6 ವೋಲ್ಟ್. ತುಂಬಿದ ಬ್ಯಾಟರಿ. 12.2 ತೋರಿಸಿದರೆ ಅರ್ಧದಷ್ಟು ಖಾಲಿ ಎಂದು ಲೆಕ್ಕ. ಆಮೇಲೆ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಇಂಜಿನ್ನಿನ ಬರಿಯ ಕಬ್ಬಿಣಕ್ಕೆ. ಎರಡೂ ಅರ್ಥೇ ಆದ್ದರಿಂದ ನಡುವೆ ಸೊನ್ನೆ ಇರಬೇಕು. ಸೊನ್ನೆಯೇ ಇತ್ತು. ಇಲ್ಲಿಗೆ ಬಿಟ್ಟಿದ್ದರೆ ಮೂರನೇ ಬಾರಿಯೂ ಮೋಸಹೋಗುತ್ತಿದ್ದೆ. ಹೆಂಡತಿಗೆ, "ಈಗ ಚಾವಿ ತಿರುಗಿಸು" ಎಂದೆ. ಟಕ್. ಮೀಟರಿನಲ್ಲಿ ಸೊನ್ನೆ ಹೋಗಿ 4.1 ಬಂತು. ಕೈ ಬಿಟ್ಟಳು, ಮತ್ತೆ ಸೊನ್ನೆ.

ಸರಿಯಿದ್ದ ಗಾಡಿಯಲ್ಲಿ ಈ ಜಾಗದಲ್ಲಿ ಸೆಲ್ಫ್ ತಿರುಗುವಾಗ 0.2 ವೋಲ್ಟಿಗಿಂತ ಹೆಚ್ಚು ಕಾಣಬಾರದು. ನನ್ನ ನಾಲ್ಕು ವೋಲ್ಟು ವಾಪಸ್ಸಿನ ದಾರಿಯಲ್ಲೇ ಸೋರಿಹೋಗುತ್ತಿತ್ತು. ಉಳಿದದ್ದರಲ್ಲಿ ಸೆಲ್ಫ್ ಟಕ್ಕೆನ್ನಬಹುದು, ಇಂಜಿನ್ ತಿರುಗಿಸಲಾರದು.

ಗಾಡಿಯ ಕೆಳಗೆ ತಗಡು ಹಾಸಿ ಮಲಗಿ ನೋಡಿದೆ. ಪಟ್ಟಿ ಇತ್ತು. ಮೇಲ್ನೋಟಕ್ಕೆ ಚೆನ್ನಾಗಿಯೇ ಇತ್ತು. ಬೋಲ್ಟ್ ಬಿಚ್ಚಿದಾಗ ಪಟ್ಟಿಯ ತುದಿಯ ಲೋಹದ ಬಳೆ, ಅಂದರೆ ಥಿಂಬಲ್ಲಿನ ಅಡಿಯಲ್ಲಿ ಹಸಿರು ಪುಡಿ, ಬಾಡಿಯ ಕಡೆ ತುಕ್ಕಿನ ಪದರ. ಬೆರಳಿನಿಂದ ಒತ್ತಿದರೆ ಪಟ್ಟಿಯ ಎಳೆಗಳು ಒಣಗಿದ ದರ್ಭೆಯ ಹಾಗೆ ಮುರಿದವು. ಮುಂಬೈಯ ಗಾಳಿಯಲ್ಲಿ ಉಪ್ಪಿದೆ, ನಾಲ್ಕು ತಿಂಗಳು ಮಳೆಯಿದೆ. ತಾಮ್ರ ಮತ್ತು ಕಬ್ಬಿಣ ಒಂದಕ್ಕೊಂದು ತಾಗಿರುವ ಕಡೆ ಉಪ್ಪುನೀರು ಸೇರಿದರೆ ಕಬ್ಬಿಣ ಬೇಗ ಸವೆದುಹೋಗುತ್ತದೆ. ಮರಳು ಕಾಗದದಿಂದ ಹೊಳೆಯುವವರೆಗೆ ಉಜ್ಜಿ, ಹೊಸ ಪಟ್ಟಿ ಬಿಗಿದು, ಮೇಲೆ ಗ್ರೀಸ್ ಸವರಿದೆ. ಪಟ್ಟಿಗೆ ಕೊಟ್ಟದ್ದು ಒಂದು ಮಸಾಲೆ ದೋಸೆ, ಎರಡು ಕಾಫಿಯ ದುಡ್ಡು.

ಈ ಕಥೆಯಲ್ಲಿ ಒಂದು ಸಂಗತಿಯನ್ನು ಒತ್ತಿ ಹೇಳಬೇಕು. ಕರೆಂಟು ಹರಿಯದಿದ್ದಾಗ ಮೀಟರು ಎಲ್ಲವನ್ನೂ ಸರಿ ಎನ್ನುತ್ತದೆ. ಇಪ್ಪತ್ತು ಎಳೆಯ ವೈರಿನಲ್ಲಿ ಹತ್ತೊಂಬತ್ತು ತುಂಡಾಗಿದ್ದರೂ ಆ ಕೊನೆಯಲ್ಲಿ 12 ವೋಲ್ಟೇ ಕಾಣುತ್ತದೆ. ಮೀಟರಿಗೆ ಬೇಕಾದ ಕರೆಂಟು ಅಷ್ಟು ಕಡಿಮೆ, ಒಂದು ಎಳೆ ಸಾಕು. ದೀಪ ಉರಿಯುವಾಗ, ಮೋಟರು ತಿರುಗುವಾಗ ಅಳೆದರೆ ಮಾತ್ರ ಕಳ್ಳ ಸಿಗುತ್ತಾನೆ. ಆದ್ದರಿಂದ ಹಳೆಯ ವೈರ್‌ಮನ್‌ಗಳು ಮೀಟರಿಗಿಂತ ಟೆಸ್ಟ್ ಲ್ಯಾಂಪನ್ನೇ ನಂಬುತ್ತಾರೆ. ಇಂಡಿಕೇಟರಿನ 21 ವ್ಯಾಟ್ ಬಲ್ಬಿಗೆ ಎರಡು ವೈರ್ ಬೆಸುಗೆ ಹಾಕಿದರೆ ಆಯಿತು. ಅದು ಸುಮಾರು ಒಂದೂಮುಕ್ಕಾಲು ಆಂಪಿಯರ್ ಎಳೆಯುತ್ತದೆ. ಬಡಕಲು ವೈರಿನ ಬಣ್ಣ ಆಗ ಬಯಲಾಗುತ್ತದೆ. ಆದರೆ ಕಂಪ್ಯೂಟರ್, ಏರ್‌ಬ್ಯಾಗ್ ಇರುವ ಹೊಸ ಕಾರುಗಳ ವೈರಿಗೆ ಈ ಬಲ್ಬನ್ನು ತಾಗಿಸಬೇಡಿ.

ಇದೇ ಬಲ್ಬು ಫ್ಯೂಸಿನ ಜಾಗದಲ್ಲೂ ಕೆಲಸಕ್ಕೆ ಬರುತ್ತದೆ. ಫ್ಯೂಸ್ ಹಾಕಿದ ಕೂಡಲೇ ಸುಡುತ್ತಿದ್ದರೆ ಮತ್ತೆ ಮತ್ತೆ ಫ್ಯೂಸ್ ಹಾಳು ಮಾಡುವ ಬದಲು ಅಲ್ಲಿ ಬಲ್ಬನ್ನು ಸಿಕ್ಕಿಸಿ. ಶಾರ್ಟ್ ಇರುವವರೆಗೆ ಅದು ಝಗಝಗ ಉರಿಯುತ್ತದೆ. ಆಮೇಲೆ ವೈರುಗಳನ್ನು ಒಂದೊಂದಾಗಿ ಅಲುಗಾಡಿಸುತ್ತ ಹೋಗಿ. ಯಾವುದನ್ನು ಮುಟ್ಟಿದಾಗ ಬಲ್ಬು ಮಂಕಾಯಿತೋ ಅಲ್ಲೇ ಎಲ್ಲೋ ವೈರಿನ ಚರ್ಮ ಸುಲಿದಿದೆ. ನನಗೆ ಒಮ್ಮೆ ಸಿಕ್ಕಿದ್ದು ಡಿಕ್ಕಿಯ ಬಾಗಿಲಿನ ಕೀಲಿನ ಹತ್ತಿರ, ತೆಗೆದು ಮುಚ್ಚಿ ತೆಗೆದು ಮುಚ್ಚಿ ಸವೆದ ಜಾಗದಲ್ಲಿ. ಇನ್ನು ಸುಟ್ಟ ಫ್ಯೂಸಿಗೆ ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತುವ ಜಾಣರಿದ್ದಾರೆ. ಆಮೇಲೆ ಸುಡುವುದು ಫ್ಯೂಸಲ್ಲ, ವೈರು. ಅದಾದ ಮೇಲೆ ಸೀಟು.

ಹಿಂದಿನ ದೀಪಗಳಲ್ಲಿ ಭೂತಚೇಷ್ಟೆಯಂಥದ್ದು ಕಾಣುವುದುಂಟು. ಬ್ರೇಕ್ ಒತ್ತಿದರೆ ಟೇಲ್ ಲ್ಯಾಂಪ್ ಆರುತ್ತದೆ. ಇಂಡಿಕೇಟರ್ ಹಾಕಿದರೆ ಪಕ್ಕದ ದೀಪವೂ ಜೊತೆಗೆ ಮಿಣುಕುತ್ತದೆ. ಗಾಡಿಯ ವೈರಿಂಗೆಲ್ಲ ಹೋಯಿತು, ಪೂರ್ತಿ ಹೊಸದು ಹಾಕಬೇಕು ಎಂದು ಹೆದರಿಸುವವರಿದ್ದಾರೆ. ದೀಪದ ಗೂಡಿನ ಅರ್ಥ್ ಸ್ಕ್ರೂ ಒಂದನ್ನು ಬಿಚ್ಚಿ ಉಜ್ಜಿ ಹಾಕಿ ನೋಡಿ. ಹೆಚ್ಚಿನ ಸಲ ಅಷ್ಟೇ ಇರುತ್ತದೆ. ವಾಪಸ್ಸು ಹೋಗಲು ದಾರಿ ಸಿಗದ ಕರೆಂಟು ಪಕ್ಕದ ಬಲ್ಬಿನ ಮನೆ ಹೊಕ್ಕು ಹೋಗುತ್ತಿರುತ್ತದೆ.

ನಿಂತಲ್ಲೇ ಬ್ಯಾಟರಿ ಇಳಿಯುವ ರೋಗ ಬೇರೆ. ಅದಕ್ಕೆ ಮೀಟರನ್ನು ಹತ್ತು ಆಂಪಿಯರಿಗೆ ಇಟ್ಟು, ಬ್ಯಾಟರಿಯ ಮೈನಸ್ ಕಂಬಕ್ಕೂ ಅದರಿಂದ ಬಿಚ್ಚಿದ ತಂತಿಗೂ ನಡುವೆ ಸೇರಿಸಬೇಕು. ಬಾಗಿಲೆಲ್ಲ ಮುಚ್ಚಿರಲಿ, ಆ ಹೊತ್ತಿನಲ್ಲಿ ಸೆಲ್ಫ್ ಹೊಡೆಯಬೇಡಿ, ಮೀಟರಿನ ಒಳಗಿನ ಫ್ಯೂಸ್ ಹೋಗುತ್ತದೆ. ಕಂಪ್ಯೂಟರ್ ಇಲ್ಲದ ಹಳೆಯ ಕಾರಿನಲ್ಲಿ ಅಂಕಿ ಸೊನ್ನೆಯ ಆಸುಪಾಸಿನಲ್ಲೇ ಇರಬೇಕು. ಅರ್ಧ ಆಂಪಿಯರಿನ ಹತ್ತಿರ ಕಂಡರೆ ಫ್ಯೂಸುಗಳನ್ನು ಒಂದೊಂದಾಗಿ ಕೀಳುತ್ತ ಹೋಗಿ, ಅಂಕಿ ಯಾವಾಗ ಬಿತ್ತೋ ಆ ಸಾಲಿನಲ್ಲಿ ಸೋರಿಕೆ. ಮುಚ್ಚಿದ ಡಿಕ್ಕಿಯೊಳಗೆ ಆರದೆ ಉಳಿದ 5 ವ್ಯಾಟಿನ ದೀಪವೊಂದು ತುಂಬಿದ 35 ಆಂಪಿಯರ್-ಅವರ್ ಬ್ಯಾಟರಿಯನ್ನು ಮೂರೂವರೆ ದಿನದಲ್ಲಿ ಬರಿದು ಮಾಡುತ್ತದೆ. ಎಲ್ಲ ಫ್ಯೂಸ್ ಕಿತ್ತರೂ ಅಂಕಿ ಬೀಳದಿದ್ದರೆ ಬೆಳಿಗ್ಗೆ ಗಾಡಿ ಶುರುಮಾಡುವ ಮುಂಚೆ ಆಲ್ಟರ್ನೇಟರಿಗೆ, ಅಂದರೆ ಇಂಜಿನ್ ಓಡುವಾಗ ಬ್ಯಾಟರಿ ತುಂಬುವ ಯಂತ್ರಕ್ಕೆ, ಅಂಗೈ ಇಟ್ಟು ನೋಡಿ. ರಾತ್ರಿಯೆಲ್ಲ ನಿಂತ ಗಾಡಿಯ ಆಲ್ಟರ್ನೇಟರ್ ಬೆಚ್ಚಗಿದ್ದರೆ ಕರೆಂಟನ್ನು ಒಂದೇ ಕಡೆಗೆ ಬಿಡಬೇಕಾದ ಅದರ ಡಯೋಡ್ ಸೋರುತ್ತಿದೆ.

ಚಾರ್ಜಿಂಗ್ ಬಗ್ಗೆ ಒಂದೇ ಮಾತು. ಇಂಜಿನ್ ಓಡುವಾಗ ಬ್ಯಾಟರಿಯ ಮೇಲೆ 13.8ರಿಂದ 14.4 ವೋಲ್ಟಿನೊಳಗೆ ಇರಬೇಕು. ನನ್ನ ಗಾಡಿಗೆ ಮೊದಲು ಆಲ್ಟರ್ನೇಟರಿನ ಜಾಗದಲ್ಲಿ ಹಳೆಯ ಕಾಲದ ಡೈನಮೋ ಇತ್ತು. ದಾದರಿನ ಟ್ರಾಫಿಕ್ಕಿನಲ್ಲಿ ನಿಂತಾಗೆಲ್ಲ ಡ್ಯಾಶ್‌ಬೋರ್ಡಿನ ಚಾರ್ಜಿಂಗ್ ಕೆಂಪು ದೀಪ ಮಿಣುಕುತ್ತಿತ್ತು, ಅದು ಡೈನಮೋದ ಗುಣ. ಆಲ್ಟರ್ನೇಟರ್ ಹಾಕಿಸಿದ ಮೇಲೆ ಗೊತ್ತಾದ ವಿಚಿತ್ರವೆಂದರೆ, ಅನೇಕ ಹಳೆಯ ಆಲ್ಟರ್ನೇಟರುಗಳು ಎಚ್ಚರಗೊಳ್ಳುವುದೇ ಆ ಕೆಂಪು ದೀಪದ ಮೂಲಕ ಬರುವ ಚೂರು ಕರೆಂಟಿನಿಂದ. ಚಾವಿ ಹಾಕಿದಾಗ ದೀಪ ಹತ್ತುತ್ತಿಲ್ಲ ಎಂದರೆ ಚಾರ್ಜಿಂಗೂ ಆಗದೆ ಹೋಗಬಹುದು. ಎರಡು ಕಾಸಿನ ಬಲ್ಬು ಸುಟ್ಟದ್ದಕ್ಕೆ ಆಲ್ಟರ್ನೇಟರ್ ಬದಲಿಸಿದ ಪುಣ್ಯಾತ್ಮರನ್ನು ನೋಡಿದ್ದೇನೆ.

ಬ್ಯಾಟರಿಗೆ ಕೈ ಹಾಕುವವರು ಉಂಗುರ, ಕಡಗ ತೆಗೆದಿಡಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಚಾರ್ಜಾಗುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಹತ್ತಿರ ಬೀಡಿ ಬೇಡ. ಕಂಬದ ಮೇಲಿನ ಬಿಳಿ ಪುಡಿಗೆ ಅಡುಗೆ ಸೋಡಾ ಬೆರೆಸಿದ ಬಿಸಿನೀರು ಸಾಕು. ನಮ್ಮ ಮನೆಯಲ್ಲಿ ಇಡ್ಲಿಯ ಸೋಡಾ ಡಬ್ಬಿ ಯಾಕೆ ಖಾಲಿಯಾಗುತ್ತದೆ ಎಂಬ ತನಿಖೆ ನಡೆದಿದೆ.

2023ರ ಅಕ್ಟೋಬರ್ ಕೊನೆಗೆ ಮುಂಬೈಯ ರಸ್ತೆಯಿಂದ ಪದ್ಮಿನಿ ಟ್ಯಾಕ್ಸಿಗಳು ಮರೆಯಾದವು. ಕೊನೆಯದು ತಾರದೇವದ ಆರ್‌ಟಿಓದಲ್ಲಿ 2003ರ ಅಕ್ಟೋಬರ್ 29ರಂದು ನೋಂದಣಿಯಾಗಿತ್ತು, ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಮಿತಿ. ಟ್ಯಾಕ್ಸಿಗಳಿದ್ದಾಗ ಯಾವ ಸಿಗ್ನಲ್ಲಿನಲ್ಲಿ ಗಾಡಿ ಕೆಟ್ಟರೂ ಒಬ್ಬ ಡ್ರೈವರ್ ಇಳಿದು ಬಂದು, ಇಂಜಿನ್ನಿಗೆ ಕಿಡಿ ಕೊಡಿಸುವ ಪಾಯಿಂಟಿಗೆ ಮರಳು ಕಾಗದ ತಿಕ್ಕಿ ಕೊಟ್ಟು ಹೋಗುತ್ತಿದ್ದ. ಈಗ ಯಾರೂ ಇಳಿಯುವುದಿಲ್ಲ, ಮೊಬೈಲಿನಲ್ಲಿ ಫೋಟೊ ತೆಗೆಯುತ್ತಾರೆ. ಅದಕ್ಕೇ ಮೀಟರೂ ಬಲ್ಬೂ ನನ್ನ ಡ್ಯಾಶ್‌ಬೋರ್ಡಿನ ಗೂಡಿನಲ್ಲಿವೆ.

ಸದ್ಯಕ್ಕೆ ನನ್ನ ತಲೆ ತಿನ್ನುತ್ತಿರುವುದು ಹಾರ್ನು. ಸ್ಟೀರಿಂಗನ್ನು ಎಡಕ್ಕೆ ಪೂರ್ತಿ ತಿರುಗಿಸಿದಾಗ, ಅದೂ ಮಳೆಯ ದಿನ ಮಾತ್ರ, ತಾನಾಗಿಯೇ ಕೂಗುತ್ತದೆ. ಸೊಸೈಟಿಯ ಗೇಟು ಎಡಕ್ಕೇ ಇರುವುದು. ಹಳೆಯ ಗಾಡಿಗಳಲ್ಲಿ ಹಾರ್ನಿನ ಗುಂಡಿ ಸಾಮಾನ್ಯವಾಗಿ ಜೋಡಿಸುವುದು ಅರ್ಥಿನ ಕಡೆಯನ್ನು. ಸ್ಟೀರಿಂಗ್ ಕಂಬದ ಒಳಗೆ ಎಲ್ಲೋ ಆ ವೈರು ಸುಲಿದು ಕಬ್ಬಿಣಕ್ಕೆ ತಾಗುತ್ತಿರಬೇಕು. ಮಳೆ ಯಾಕೆ ಬೇಕು ಅದಕ್ಕೆ ಎಂಬುದು ಇನ್ನೂ ತಾಳೆಯಾಗಿಲ್ಲ. ಭಾನುವಾರ ಸ್ಟೀರಿಂಗ್ ಬಿಚ್ಚಬೇಕೆಂದಿದ್ದೇನೆ, ಹೆಂಡತಿಗೆ ಇನ್ನೂ ಹೇಳಿಲ್ಲ.

ನಮಸ್ಕಾರ.