ಗಾಡಿ ಅಪ್ಪನ ಹೆಸರಲ್ಲಿ, ಓಡಿಸುವವನು ಮಗ

ನಮಸ್ಕಾರ. ಮೊದಲು ಒಂದು ಕೆಲಸ ಮಾಡಿ. ನಿಮ್ಮ ಬೈಕಿನ ಇನ್ಶೂರೆನ್ಸ್ ಪೇಪರ್ ತೆಗೆಯಿರಿ. ಸೀಟಿನ ಕೆಳಗೆ ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಟ್ಟಿರುತ್ತೀರಿ, ಇಲ್ಲಾಂದ್ರೆ ವಾಟ್ಸಾಪ್‌ನಲ್ಲಿ ಎಲ್ಲೋ ಹೂತುಹೋಗಿರುತ್ತದೆ. ಅದರಲ್ಲಿ 'ಪಿಎ ಕವರ್, ಓನರ್ ಡ್ರೈವರ್' ಅಂತ ಒಂದು ಸಾಲು ಇರುತ್ತದೆ, ಅಂದರೆ ಗಾಡಿ ಓಡಿಸುವ ಓನರ್‌ಗೇ ಅಪಘಾತ ಆದರೆ ಸಿಗುವ ವಿಮೆ. ಅದರ ಮುಂದೆ ದುಡ್ಡು ಕಾಣ್ತಿದೆಯಾ, ಸೊನ್ನೆ ಕಾಣ್ತಿದೆಯಾ?

ನನ್ನದರಲ್ಲಿ ಸೊನ್ನೆ ಇತ್ತು. ಎರಡು ವರ್ಷ. ಆನ್‌ಲೈನಲ್ಲಿ ರಿನ್ಯೂ ಮಾಡುವಾಗ ಆ ಟಿಕ್ ತೆಗೆದರೆ ಒಂದಷ್ಟು ನೂರು ರೂಪಾಯಿ ಉಳಿಯುತ್ತಿತ್ತು. 'ನನ್ನ ಬಳಿ ಬೇರೆ ಅಪಘಾತ ಪಾಲಿಸಿ ಇದೆ' ಅಂತ ಒಪ್ಪಿಕೊಳ್ಳಿ ಅಂತ ಕೇಳಿತು. ಹೂಂ ಅಂತ ಒತ್ತಿಬಿಟ್ಟೆ. ಇರಲಿಲ್ಲ. ಯಾರು ಓದ್ತಾರೆ ಸ್ವಾಮಿ ಅದನ್ನೆಲ್ಲ?

ನಮ್ಮಲ್ಲಿ ಗಾಡಿಗೆ ಇನ್ಶೂರೆನ್ಸ್ ಮಾಡಿಸೋದು ಪೊಲೀಸರಿಗೋಸ್ಕರ. ಇಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲ 2,000 ರೂಪಾಯಿ ದಂಡ, ಅದು ತಪ್ಪಿದರೆ ಸಾಕು. ಆದರೆ ಕಾನೂನು ಕಡ್ಡಾಯ ಮಾಡಿರುವ ಥರ್ಡ್ ಪಾರ್ಟಿ ಅನ್ನೋದು ಹೆಸರೇ ಹೇಳುವಂತೆ ಬೇರೆಯವರಿಗೆ. ನೀವು ಗುದ್ದಿದವರಿಗೆ. ಇನ್ನೊಂದು ಗಾಡಿಯವನ ತಪ್ಪಿದ್ದರೆ ಅವನ ಇನ್ಶೂರೆನ್ಸಿನಿಂದ ಕೇಳಬಹುದು, ಸರಿ. ರಾತ್ರಿ ಬಣ್ಣ ಬಳಿಯದ ಹಂಪ್ ಹಾರಿ ಬಿದ್ದರೆ? ನಾಯಿ ಅಡ್ಡ ಬಂದರೆ? ನಾಯಿ ಮೇಲೆ ಕೇಸ್ ಹಾಕೋಕಾಗಲ್ಲ ಅಲ್ವಾ.

ಆಗ ಓಡಿಸುವವನ ಕೈ ಹಿಡಿಯೋದು ಆ ಪಿಎ ಸಾಲು. ಪರ್ಸನಲ್ ಆ್ಯಕ್ಸಿಡೆಂಟ್ ಕವರ್. ಮೊದಲು ಬೈಕಿಗೆ ಒಂದೇ ಲಕ್ಷ ಇತ್ತು, 2018ರಲ್ಲಿ 15 ಲಕ್ಷ ಮಾಡಿದರು. ಜೀವ ಹೋದರೆ, ಎರಡು ಕೈಯೋ ಕಾಲೋ ಕಣ್ಣೋ ಹೋದರೆ ಪೂರ್ತಿ ಹಣ. ಒಂದು ಹೋದರೆ ಅರ್ಧ. ಕಾಲು ಮುರಿದು ಮೂರು ತಿಂಗಳು ಮನೆಯಲ್ಲಿ ಬಿದ್ದುಕೊಂಡರೆ? ಏನೂ ಇಲ್ಲ. ನಮ್ಮಲ್ಲಿ ಜಾಸ್ತಿ ಜನಕ್ಕೆ ಆಗೋದು ಮಾತ್ರ ಅದೇ.

ಹೊಸ ಬೈಕ್ ತಗೊಂಡವರು 'ಐದು ವರ್ಷದ ಇನ್ಶೂರೆನ್ಸ್ ಇದೆ' ಅಂತ ನಿಶ್ಚಿಂತೆಯಾಗಿರುತ್ತಾರೆ. ಐದು ವರ್ಷ ಇರೋದು ಥರ್ಡ್ ಪಾರ್ಟಿ. ಪಿಎ ಒಂದೇ ವರ್ಷಕ್ಕೆ ಮಾಡಿಸಿರಬಹುದು. ದಿನಾಂಕ ನೋಡಿ.

ಈಗ ನಿಜವಾದ ತಲೆನೋವಿಗೆ ಬರೋಣ. 'ಓನರ್ ಡ್ರೈವರ್' ಅಂದರೆ ಮೂರು ಷರತ್ತು. ಆರ್‌ಸಿಯಲ್ಲಿ ನಿಮ್ಮ ಹೆಸರು, ಪಾಲಿಸಿಯಲ್ಲಿ ನಿಮ್ಮ ಹೆಸರು, ಕೈಯಲ್ಲಿ ಚಾಲ್ತಿಯಲ್ಲಿರುವ ಡಿಎಲ್. ಮೂರೂ ಒಬ್ಬನದೇ ಆಗಿರಬೇಕು. ನಮ್ಮ ಮನೆಗಳಲ್ಲಿ ಹೇಗಿರುತ್ತದೆ? ಲೋನ್ ಸಿಗುತ್ತದೆ ಅಂತ ಗಾಡಿ ಅಪ್ಪನ ಹೆಸರಲ್ಲಿ. ಅಪ್ಪ ಹ್ಯಾಂಡಲ್ ಮುಟ್ಟಿರೋದೇ ಆಯುಧ ಪೂಜೆ ದಿನ ಕುಂಕುಮ ಹಚ್ಚೋಕೆ. ಓಡಿಸೋದು ಮಗ. ಸೆಕೆಂಡ್ ಹ್ಯಾಂಡ್ ಗಾಡಿಯ ಕಥೆ ಇನ್ನೂ ಚೆಂದ. ಆರ್‌ಸಿ ಟ್ರಾನ್ಸ್‌ಫರ್ 'ಆಮೇಲೆ ಮಾಡಿಸಿದರಾಯ್ತು' ಅಂತ ಮೂರು ವರ್ಷ ತಳ್ಳಿರುತ್ತೇವೆ. ಕಾನೂನು ಹೇಳೋದು, ಗಾಡಿ ಕೈಬದಲಾದ 14 ದಿನದೊಳಗೆ ಪಾಲಿಸಿಯಲ್ಲೂ ಹೆಸರು ಬದಲಿಸೋಕೆ ಅರ್ಜಿ ಕೊಡಿ ಅಂತ.

ಇದು ಸುಮ್ನೆ ಹೆದರಿಸುವ ಮಾತಲ್ಲ. ಇಳಕಲ್‌ನಿಂದ ಗೂಡೂರಿಗೆ ಒಬ್ಬರು ಬೇರೆಯವರ ಬೈಕ್ ತಗೊಂಡು ಹೊರಟಿದ್ದರು. ಮುಂದೆ ಕಬ್ಬಿಣದ ಶೀಟು ಹೇರಿದ ಎತ್ತಿನಗಾಡಿ ಇದ್ದಕ್ಕಿದ್ದಂತೆ ನಿಂತಿತು. ಹೋಗಿ ಗುದ್ದಿದರು, ಜೀವ ಹೋಯಿತು. ಮನೆಯವರು ಆ ಬೈಕಿನ ಇನ್ಶೂರೆನ್ಸ್ ಮೇಲೆಯೇ ಪರಿಹಾರ ಕೇಳಿದರು, ತಪ್ಪು ಯಾರದು ಅಂತ ತೋರಿಸಬೇಕಿಲ್ಲದ ಸೆಕ್ಷನ್ ಹಿಡಿದು. ಕೇಸು ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. 2009ರಲ್ಲಿ ಕೋರ್ಟ್ ಹೇಳಿದ್ದಿಷ್ಟು: ಗಾಡಿ ಕೇಳಿ ಪಡೆದವನು ಓನರ್ ಜಾಗದಲ್ಲೇ ನಿಂತ ಹಾಗೆ. ಕೊಡಬೇಕಾದವನೇ ಇಸ್ಕೊಳ್ಳುವವನೂ ಆಗೋಕಾಗಲ್ಲ. ಬೇರೆ ಸೆಕ್ಷನ್‌ನಲ್ಲಿ ಏನಾದರೂ ಸಿಗುತ್ತದಾ ನೋಡಿ ಅಂತ ಹೈಕೋರ್ಟಿಗೆ ವಾಪಸ್ ಕಳಿಸಿತು.

ಅಂದರೆ ಅಪ್ಪನ ಗಾಡಿ ಓಡಿಸುವ ಮಗ, ಪರಿಹಾರ ಕೇಳಿದಾಗ ಓನರ್ ಥರ. ಪಿಎ ಕೇಳಿದಾಗ ಓನರ್ ಅಲ್ಲ! ಕೋರ್ಟಿಗೆ ಹೋಗಿ ಅಷ್ಟಿಷ್ಟು ಪಡೆದವರು ಇದ್ದಾರೆ. ಆದರೆ ವರ್ಷಗಟ್ಟಲೆ ಅಲೆದು.

ಅದಕ್ಕೇ ನನ್ನ ಅಭಿಪ್ರಾಯ ಇಷ್ಟೇ: ಗಾಡಿಗೆ ಅಂಟಿದ ಪಿಎ ನಂಬಿ ಕೂರಬೇಡಿ. ನಿಮ್ಮ ಹೆಸರಿನಲ್ಲೇ ಬೇರೆ ಅಪಘಾತ ಪಾಲಿಸಿ ತಗೊಳ್ಳಿ. ಅದಕ್ಕೆ ಆರ್‌ಸಿ ಯಾರ ಹೆಸರಲ್ಲಿದ್ದರೂ ಆಗುತ್ತದೆ. ಬಸ್ಸಲ್ಲಿ ಹೋದರೂ, ಬಚ್ಚಲಲ್ಲಿ ಜಾರಿದರೂ ಅನ್ವಯಿಸುತ್ತದೆ. ಕೆಲಸಕ್ಕೆ ಹೋಗಲಾಗದ ವಾರಗಳಿಗೆ ಹಣ ಕೊಡುವಂಥದ್ದು ಸಿಕ್ಕರೆ ಅದನ್ನೇ ಆರಿಸಿ. ಕುಡಿದು ಓಡಿಸಿದರೆ ಮಾತ್ರ ಇಂಥ ಅಪಘಾತ ಪಾಲಿಸಿ ಸಾಮಾನ್ಯವಾಗಿ ಆಗಿಬರಲ್ಲ, ಬಿಡಿ.

ಅದೂ ಬೇಡ ಅಂದರೆ ಬ್ಯಾಂಕಿನಲ್ಲಿ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಇದೆ. ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಜೀವ ಹೋದರೆ 2 ಲಕ್ಷ. 18ರಿಂದ 70 ವರ್ಷದವರಿಗೆ. ಖಾತೆಯಿಂದ ತಾನಾಗೇ ಕಡಿತ ಆಗುತ್ತದೆ, ಆದ್ದರಿಂದಲೇ ಯಾರಿಗೂ ನೆನಪಿರಲ್ಲ. ನಾಮಿನಿ ಹೆಸರು ಬರೆಸಿ, ಆ ನಾಮಿನಿಗೂ ಒಂದು ಮಾತು ಹೇಳಿ.

ನಮ್ಮಮ್ಮನ ಪಾಸ್‌ಬುಕ್‌ನಲ್ಲಿ ಆ 20 ರೂಪಾಯಿ ವರ್ಷವರ್ಷವೂ ಕಡಿತ ಆಗಿತ್ತು. ನಮಗ್ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗಿದ್ದು ಯಾವಾಗ ಅಂದರೆ, 'ಬ್ಯಾಂಕಿನವರು ನನ್ನ ದುಡ್ಡು ನುಂಗ್ತಿದ್ದಾರೆ' ಅಂತ ಅಮ್ಮ ಜಗಳಕ್ಕೆ ಹೊರಟ ದಿನ.