ಅರಸರ ಬೇಸಿಗೆ ಬೆಟ್ಟದಲ್ಲಿ ಒಂದು ದಿನ

ಕೇಳುಗರಿಗೆ ನಮಸ್ಕಾರ.

ಏಪ್ರಿಲ್ ಬಂತೆಂದರೆ ಮಂಗಳೂರಿನಲ್ಲಿ ಮಾತು ಶುರುವಾಗುವುದೇ "ಎಂಥ ಸೆಕೆ ಮಾರಾಯ್ರೇ" ಅಂತ. ಸ್ನಾನ ಮಾಡಿ ಅಂಗಿ ಹಾಕುವಷ್ಟರಲ್ಲಿ ಬೆನ್ನು ಒದ್ದೆ. ಆಗ ಮನೆಯಲ್ಲಿ ಯಾರಾದರೊಬ್ಬರು ಘಟ್ಟ ಹತ್ತುವ ಮಾತು ತೆಗೆಯುತ್ತಾರೆ. ಊಟಿ ದೂರ, ಮಡಿಕೇರಿ ನೋಡಿ ಆಗಿದೆ. ನನ್ನನ್ನು ಕೇಳಿದರೆ ನಾನು ಹೇಳುವುದು ಕೆಮ್ಮಣ್ಣುಗುಂಡಿ.

ಉಜಿರೆ ದಾಟಿ ಚಾರ್ಮಾಡಿ ಹತ್ತಿದರೆ ಕೊಟ್ಟಿಗೆಹಾರ. ನೀರುದೋಸೆ ನಮ್ಮ ಮನೆಯ ತಿಂಡಿಯೇ, ಆದರೂ ಅಲ್ಲಿ ಗಾಡಿ ನಿಲ್ಲಿಸಿ ತಿನ್ನದೆ ಹೋಗುವವರು ಕಡಿಮೆ. ಮುಂದೆ ಮೂಡಿಗೆರೆ, ಚಿಕ್ಕಮಗಳೂರು, ಲಿಂಗದಹಳ್ಳಿ. ಅಲ್ಲಿಂದ ಬಾಬಾಬುಡನ್ ಬೆಟ್ಟಸಾಲಿನ ಮೈಮೇಲೆ ಕಿರಿದಾದ ದಾರಿ. ಕಾಫಿ ತೋಟ ಮುಗಿದು ಕಾಡು ಬಂತು ಅನ್ನುವಾಗ ಕಾರಿನ ಏಸಿ ತನ್ನಿಂತಾನೇ ಬೇಡ ಅನಿಸುತ್ತದೆ. ಮೇಲೆ ತಲುಪಿದಾಗ ನೀವು ಸಮುದ್ರಮಟ್ಟದಿಂದ 1,434 ಮೀಟರ್ ಎತ್ತರದಲ್ಲಿರುತ್ತೀರಿ.

ಇದು ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರ್ ಬೇಸಿಗೆಗೆ ಬಂದು ಇರುತ್ತಿದ್ದ ಜಾಗ. ಅವರ ಹೆಸರಿನಲ್ಲೇ ಇದನ್ನು ಕೃಷ್ಣರಾಜೇಂದ್ರ ಗಿರಿಧಾಮ ಅಂತಲೂ ಕರೆಯುತ್ತಾರೆ. ಆಮೇಲೆ ಅರಮನೆಯವರು ಬೆಟ್ಟವನ್ನು ಸರ್ಕಾರಕ್ಕೆ ಬಿಟ್ಟುಕೊಟ್ಟರು. ಈಗ ನೋಡಿಕೊಳ್ಳುವುದು ತೋಟಗಾರಿಕೆ ಇಲಾಖೆ. ರಾಜಭವನ ಅನ್ನುವ ಅತಿಥಿಗೃಹ ಇದೆ, ಗುಲಾಬಿ ತೋಟ ಇದೆ. ದೊರೆ ನಿಂತು ನೋಡುತ್ತಿದ್ದ ಕಣಿವೆಯನ್ನು ಈಗ ಯಾರು ಬೇಕಾದರೂ ಚುರುಮುರಿ ತಿನ್ನುತ್ತಾ ನೋಡಬಹುದು. ಇದು ನನಗೆ ತುಂಬಾ ಇಷ್ಟ.

ಆದರೆ ಈ ಬೆಟ್ಟಕ್ಕೆ ಇನ್ನೊಂದು ಕತೆಯಿದೆ. ಫೋಟೋ ತೆಗೆದು ಇಳಿದು ಬರುವವರು ಅದನ್ನು ಕೇಳುವುದೇ ಇಲ್ಲ. ಇಲ್ಲಿನ ಮಣ್ಣಿನಲ್ಲಿರುವುದು ಕಬ್ಬಿಣದ ಅದಿರು. ಅದೇ ನಾಲ್ವಡಿಯವರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸ ಶುರುವಾಯಿತು. 1923ರಲ್ಲಿ ಕುಲುಮೆ ಹೊತ್ತಿತು. ಅದಿರು ಹೋದದ್ದು ಇದೇ ಬೆಟ್ಟದಿಂದ. ತೊಟ್ಟಿಗಳಲ್ಲಿ ತುಂಬಿ ರೋಪ್‌ವೇಯಲ್ಲಿ ತಣಿಗೆಬೈಲಿಗೆ ಇಳಿಸುತ್ತಿದ್ದರು. ಅಲ್ಲಿಂದ ಟ್ರಾಮ್ ಹಳಿಯ ಮೇಲೆ ಭದ್ರಾವತಿಗೆ. ಕಲ್ಲಿದ್ದಲು ನಮ್ಮ ನಾಡಿನಲ್ಲಿಲ್ಲವಲ್ಲ, ಹಾಗಾಗಿ ಮೊದಮೊದಲು ಮಲೆನಾಡಿನ ಮರ ಸುಟ್ಟು ಮಾಡಿದ ಇದ್ದಿಲಿನಲ್ಲೇ ಕುಲುಮೆ ಉರಿಯಿತು. ಅಂದರೆ ದೊರೆ ತಂಪಾಗಿ ಕುಳಿತ ಬೆಟ್ಟವೇ ಆ ಬೆಂಕಿಗೆ ಅದಿರು ಕೊಡುತ್ತಿತ್ತು.

ಮಂಗಳೂರಿನವರಿಗೆ ಇದು ಹೊಸದೇನಲ್ಲ, ಅಲ್ವಾ? ಕುದುರೆಮುಖದ ಅದಿರು ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಕೊಳವೆಯಲ್ಲಿ ಪಣಂಬೂರಿಗೆ ಬರುತ್ತಿದ್ದದ್ದನ್ನು ನೋಡಿದವರು ಇನ್ನೂ ಇದ್ದಾರೆ. ಆ ಗಣಿ 2005ರ ಕೊನೆಗೆ ನಿಂತಿತು. ಅಲ್ಲಿ ಗಣಿಯ ಜೊತೆ ಊರೂ ಖಾಲಿಯಾಯಿತು. ಕೆಮ್ಮಣ್ಣುಗುಂಡಿಯ ಪುಣ್ಯ, ಅಲ್ಲಿ ತೋಟ ಉಳಿಯಿತು.

ಆ ತೋಟವೂ ಸುಮ್ನೆ ಉಳಿದದ್ದಲ್ಲ. ಗುಲಾಬಿ ಪಾತಿಯಲ್ಲಿ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರು, "ಯಾವೂರು ಸಾರ್?" ಅಂದರು. ಮಂಗಳೂರು ಅಂದೆ. "ಓ, ಬೆವರು ಆರಿಸ್ಕೊಳ್ಳೋಕೆ ಬಂದಿದ್ದೀರಿ" ಅಂತ ನಕ್ಕರು. ಮಣ್ಣಿನ ಹೆಂಟೆಯೊಂದನ್ನು ಎತ್ತಿ ಹೆಬ್ಬೆರಳಲ್ಲಿ ಒತ್ತಿದರು. ಪುಡಿಯಾಗಿ ಕುಂಕುಮದ ಹಾಗೆ ಬೆರಳ ಸಂದಿಗೆ ಅಂಟಿತು. "ನೋಡೋಕೆ ಚಂದ ಸಾರ್. ಆದ್ರೆ ಹಾಗೇ ಬಿಟ್ರೆ ಗುಲಾಬಿ ಬರಲ್ಲ. ಸಗಣಿ ಗೊಬ್ಬರ, ಸೊಪ್ಪು ಹಾಕ್ತಾನೇ ಇರ್ಬೇಕು, ಮಳೆ ಬಂದು ತೊಳ್ಕೊಂಡು ಹೋಗ್ತಾನೇ ಇರುತ್ತೆ" ಅಂದರು. ಮುರಕಲ್ಲಿನ ಗುಡ್ಡೆಯಲ್ಲಿ ತೆಂಗಿನ ಸಸಿ ನೆಟ್ಟವರಿಗೆ ಈ ಕಷ್ಟ ವಿವರಿಸಬೇಕಾಗಿಲ್ಲ.

ನಡೆಯುವವರಿದ್ದರೆ ಜೆಡ್ ಪಾಯಿಂಟ್‌ಗೆ ಹೋಗಿ. ಕಾಲುದಾರಿಯಲ್ಲಿ ಶಾಂತಿ ಜಲಪಾತ ಸಿಗುತ್ತದೆ, ಕೊನೆಯಲ್ಲಿ ಹುಲ್ಲುಗಾವಲು, ಬೆಟ್ಟದ ಮಡಿಕೆಗಳಲ್ಲಿ ಶೋಲಾ ಅನ್ನುವ ಗಿಡ್ಡ ಮರಗಳ ದಟ್ಟ ಕಾಡು. ಮಂಜು ಕವಿದರೆ ಏನೂ ಕಾಣುವುದಿಲ್ಲ. ಕಾಯಬೇಕು ಅಷ್ಟೇ. ಜೋರು ಮಳೆಗಾಲದಲ್ಲಿ ನಾನಂತೂ ಬೇಡ ಅನ್ನುತ್ತೇನೆ. ಮಳೆ ನೋಡಲು ನಮಗೆ ಘಟ್ಟ ಹತ್ತುವ ಅಗತ್ಯ ಏನಿದೆ? ಮೇಲಾಗಿ ಉಂಬಳದ ಕಾಟ ಜಾಸ್ತಿ, ಚಾರ್ಮಾಡಿಯಲ್ಲಿ ಗುಡ್ಡ ಕುಸಿದು ದಾರಿ ಬಂದ್ ಆಗುವುದೂ ಉಂಟು. ಅಕ್ಟೋಬರ್ ಕಳೆದ ಮೇಲೆ ಹೋದರೆ ಹಸಿರೂ ಇರುತ್ತದೆ, ಆಕಾಶವೂ ತೆರೆದಿರುತ್ತದೆ.

ಹೆಬ್ಬೆ ಜಲಪಾತ ಎರಡು ಹಂತದಲ್ಲಿ ಬೀಳುತ್ತದೆ. ಕಾಡಿನೊಳಗಿನ ದಾರಿ, ಜೀಪೇ ಬೇಕು. ಹೋಗುವುದಿದ್ದರೆ ಬೆಳಿಗ್ಗೆಯೇ ಹೊರಡಿ. ಮೊಣಕಾಲು ನೋವಿನವರು ಅದನ್ನು ಬಿಟ್ಟು, ಇಳಿಯುವ ದಾರಿಯಲ್ಲಿ ಕಲ್ಲತ್ತಿಗಿರಿಯಲ್ಲಿ ನಿಲ್ಲಿಸಬಹುದು. ಬಂಡೆಗೆ ಒತ್ತಿಕೊಂಡಂತೆ ವೀರಭದ್ರನ ಗುಡಿ, ಪಕ್ಕದಲ್ಲೇ ನೀರು. ಗಾಡಿಯ ಪೆಟ್ರೋಲ್ ಮಾತ್ರ ಕೆಳಗೇ ತುಂಬಿಸಿಕೊಳ್ಳಿ. ಸಾಧ್ಯವಿದ್ದರೆ ಇಲಾಖೆಯ ಕೋಣೆ ಮೊದಲೇ ಬುಕ್ ಮಾಡಿ ಒಂದು ರಾತ್ರಿ ಉಳಿಯಿರಿ, ಸ್ವೆಟರ್ ಮರೆಯಬೇಡಿ.

ನಮಸ್ಕಾರ.