ಗರಿಯ ಊರಿನಲ್ಲಿ ನಾಟಕದ ಸಂತೆ

ಕೇಳುಗರಿಗೆ ನಮಸ್ಕಾರ.

ದಕ್ಷಿಣ ಆಫ್ರಿಕಾದ ಕ್ಲೈನ್ ಕರೂ ಎಂಬ ಒಣಸೀಮೆಯಲ್ಲಿ ಔಟ್ಸ್‌ಹೋರ್ನ್ ಎಂಬ ಊರಿದೆ. ಉಷ್ಟ್ರಪಕ್ಷಿಯ ಊರು. ಯೂರೋಪಿನ ಹೆಂಗಸರ ಟೋಪಿಗಳಿಗೆ ಗರಿ ಕಳುಹಿಸಿ ಕಳುಹಿಸಿ ಅಲ್ಲಿಯ ವರ್ತಕರು ಅರಮನೆಯಂಥ ಮನೆಗಳನ್ನು ಕಟ್ಟಿಸಿಕೊಂಡರು. 1914ರ ಹೊತ್ತಿಗೆ ಆ ಫ್ಯಾಷನ್ ಬಿತ್ತು, ಗರಿಯ ವ್ಯಾಪಾರವೂ ನೆಲ ಕಚ್ಚಿತು. 1995ರಿಂದ ಈ ಊರು ವರ್ಷಕ್ಕೊಂದು ವಾರ ಬೇರೊಂದು ಸರಕನ್ನು ಮಾರುತ್ತಿದೆ. ಅದು ಡಚ್ ಮೂಲದಿಂದ ಅಲ್ಲಿಯೇ ಬೆಳೆದ ಆಫ್ರಿಕಾನ್ಸ್ ಭಾಷೆಯ ನಾಟಕ. ಕ್ಲೈನ್ ಕರೂ ರಾಷ್ಟ್ರೀಯ ಕಲಾ ಉತ್ಸವದ ಆ ವಾರದಲ್ಲಿ ಊರಿನವರು ಮನೆಗಳನ್ನೇ ಬಾಡಿಗೆಗೆ ಬಿಟ್ಟುಕೊಡುತ್ತಾರೆ, ಶಾಲೆಗಳ ಸಭಾಂಗಣಗಳು ರಂಗಮಂದಿರಗಳಾಗುತ್ತವೆ.

ಅಂಥ ಒಂದು ಸಭಾಂಗಣವನ್ನು ಕಣ್ಣ ಮುಂದೆ ತಂದುಕೊಳ್ಳಿ. ಕಿಟಕಿಗಳಿಗೆ ಕಪ್ಪು ಬಟ್ಟೆ. ಒಂದು ನಾಟಕ ಮುಗಿದು ಪ್ರೇಕ್ಷಕರು ಹೊರಗೆ ಹೋಗುತ್ತಿರುವಾಗಲೇ ಇನ್ನೊಂದು ತಂಡ ತನ್ನ ಮೇಜು, ಕುರ್ಚಿ, ಬಾಗಿಲ ಚೌಕಟ್ಟುಗಳನ್ನು ಹೊತ್ತುಕೊಂಡು ಬಾಗಿಲಲ್ಲಿ ಕಾಯುತ್ತಿದೆ. ಈ ಸಣ್ಣ ಬಿಡುವಿನಲ್ಲಿಯೇ ರಂಗಸಜ್ಜಿಕೆ ನಿಲ್ಲಬೇಕು, ದೀಪಗಳ ದಿಕ್ಕು ತಿರುಗಬೇಕು. ನೋಡಲು ಬಂದವರ ಜೇಬಿನಲ್ಲಿಯೂ ಅದೇ ದಿನದ ಇನ್ನೆರಡು ಟಿಕೆಟ್‌ಗಳಿರುತ್ತವೆ. ನಾಟಕ ಒಂದೂಕಾಲು ಗಂಟೆ ಮೀರಿದರೆ ಅವರು ಗಡಿಯಾರ ನೋಡತೊಡಗುತ್ತಾರೆ. ಆದ್ದರಿಂದ ಮಧ್ಯಂತರವಿಲ್ಲ. ಪಾತ್ರಗಳು ಎರಡೋ ಮೂರೋ. ಸಾಮಾನೆಲ್ಲ ಒಂದು ಬಕ್ಕಿಯಲ್ಲಿ ಹಿಡಿಯಬೇಕು. ಬಕ್ಕಿ ಎಂದರೆ ಅಲ್ಲಿಯವರ ಪಿಕಪ್ ಗಾಡಿ. ನಾಟಕ ಎಷ್ಟು ಉದ್ದವಿರಬೇಕು, ಅದರಲ್ಲಿ ಎಷ್ಟು ಜನ ಇರಬೇಕು ಎಂಬುದನ್ನು ನಾಟಕಕಾರನಿಗಿಂತ ಮೊದಲೇ ಮಾರುಕಟ್ಟೆ ಬರೆದಿಟ್ಟಿದೆ ಎಂದು ನನಗೆ ಅನ್ನಿಸುವುದು ಇಲ್ಲಿಯೇ.

ಮೊದಲು ಹೀಗಿರಲಿಲ್ಲ. 1925ರಲ್ಲಿ ಪಾಲ್ ಡಿ ಹ್ರೂಟ್ ಎಂಬ ಡಚ್ ನಟ ತಂಡ ಕಟ್ಟಿಕೊಂಡು ಊರೂರು ಸುತ್ತಿ ಆಫ್ರಿಕಾನ್ಸ್ ವೃತ್ತಿ ರಂಗಭೂಮಿಗೆ ದಾರಿ ಹಾಕಿದ. ನಮ್ಮ ಕಂಪನಿ ನಾಟಕದವರಂತೆ ಮೊಕ್ಕಾಂ ಹೂಡುವುದು, ಗಲ್ಲಾಪೆಟ್ಟಿಗೆ ನೋಡಿಕೊಂಡು ಮುಂದಿನ ಊರಿಗೆ ಹೊರಡುವುದು. ಆಮೇಲೆ ಸರಕಾರ ಕೈ ಹಿಡಿಯಿತು. 1963ರಲ್ಲಿ ನಾಲ್ಕು ಪ್ರಾಂತಗಳಿಗೂ ಪ್ರದರ್ಶನ ಕಲಾ ಮಂಡಳಿಗಳಾದವು. ನಟರಿಗೆ ತಿಂಗಳ ಸಂಬಳ, ಮಂಡಳಿಗೆ ಸ್ವಂತ ವೇಷಭೂಷಣದ ಕಾರ್ಖಾನೆ. ಟಿಕೆಟ್ ಮಾರಾಟವಾಗದಿದ್ದರೂ ಒಲೆ ಉರಿಯುತ್ತಿತ್ತು. ಆದರೆ ಅದು ಯಾರ ಹಣ, ಯಾರ ರಂಗಭೂಮಿ? 1971ರಲ್ಲಿ ಕೇಪ್ ಟೌನ್‌ನಲ್ಲಿ ತೆರೆದ ನಿಕೊ ಮಲಾನ್ ರಂಗಮಂದಿರಕ್ಕೆ ಬಿಳಿಯರಿಗಷ್ಟೇ ಪ್ರವೇಶವಿತ್ತು. ಎಲ್ಲರಿಗೂ ಬಾಗಿಲು ತೆರೆದದ್ದು 1975ರಲ್ಲಿ. ಅದೇ ಕಟ್ಟಡದ ಇಂದಿನ ಹೆಸರು ಆರ್ಟ್‌ಸ್ಕೇಪ್.

ಅದೇ 1971ರಲ್ಲಿ ಜೋಹಾನ್ಸ್‌ಬರ್ಗ್‌ನಲ್ಲಿ ಪರ್ಸಿ ಟಕರ್ ಎಂಬಾತ ಕಂಪ್ಯೂಟಿಕೆಟ್ ಆರಂಭಿಸಿದ. ನಾಟಕದ ಆಸನವನ್ನು ಕಂಪ್ಯೂಟರಿನಲ್ಲಿ ಕಾಯ್ದಿರಿಸುವ ವ್ಯವಸ್ಥೆ. ಜಗತ್ತಿನಲ್ಲಿ ಬಹಳ ಕಡೆ ಇನ್ನೂ ಪೆನ್ಸಿಲ್ಲಿನಿಂದ ಆಸನ ಗುರುತು ಹಾಕುತ್ತಿದ್ದ ಕಾಲವದು. ಮಾರುವ ಯಂತ್ರ ಬಂದಿತ್ತು, ಮಾರಲೇಬೇಕಾದ ಒತ್ತಡ ಮಾತ್ರ ಸಂಬಳದ ನಟರಿಗೆ ಇನ್ನೂ ಬಂದಿರಲಿಲ್ಲ.

ವರ್ಣಭೇದದ ಆಳ್ವಿಕೆ ಮುಗಿದ 1994ರ ನಂತರ ಅದೂ ಬಂತು. ಹೊಸ ಸರಕಾರ ತನ್ನ ಹಣವನ್ನು ದೇಶದ ಎಲ್ಲ ಭಾಷೆ, ಎಲ್ಲ ಸಮುದಾಯಗಳಿಗೆ ಹಂಚಬೇಕಿತ್ತು. ಹಂಚಿದ್ದು ನ್ಯಾಯವೇ. ಮಂಡಳಿಗಳ ಕಾಯಂ ತಂಡಗಳು ಕರಗಿದವು, ಕಟ್ಟಡಗಳಷ್ಟೇ ಉಳಿದವು. 2000ರಲ್ಲಿ ಪ್ರಿಟೋರಿಯದ ಸ್ಟೇಟ್ ಥಿಯೇಟರ್‌ಗೇ ಕೆಲಕಾಲ ಬೀಗ ಬಿತ್ತು. ನಟರು ಏಕಾಏಕಿ ಸಣ್ಣ ವ್ಯಾಪಾರಿಗಳಾಗಬೇಕಾಯಿತು. ಆ ಹೊತ್ತಿಗೆ ಒದಗಿಬಂದದ್ದು ಉತ್ಸವಗಳು. ಔಟ್ಸ್‌ಹೋರ್ನ್ ಆದ ಮೇಲೆ 1998ರಲ್ಲಿ ಪೊಚೆಫ್‌ಸ್ಟ್ರೂಮ್‌ ಊರಿನ ಆರ್ಡ್‌ಕ್ಲಾಪ್ ಉತ್ಸವ, ನಂತರ ಸ್ಟೆಲೆನ್‌ಬಾಷ್, ಬ್ಲೂಮ್‌ಫಾಂಟೇನ್, ನೆಲ್‌ಸ್ಪ್ರೈಟ್ ಊರುಗಳ ಉತ್ಸವಗಳು. ಒಂದು ಕಡೆ ಮೊದಲ ಪ್ರದರ್ಶನ ಕೊಟ್ಟು, ವಿಮರ್ಶೆ ಸಂಪಾದಿಸಿಕೊಂಡು, ಅದನ್ನೇ ಜಾಹೀರಾತು ಮಾಡಿಕೊಂಡು ಮುಂದಿನ ಊರಿಗೆ. ಮೊಕ್ಕಾಮಿನ ಕಾಲವೇ ಹೊಸ ಅಂಗಿ ತೊಟ್ಟು ಬಂದಂತೆ.

ಒಂದು ಲೆಕ್ಕ ಹಾಕೋಣ. ಅಂಕಿಗಳು ನನ್ನ ಕಲ್ಪನೆಯವು, ಉದಾಹರಣೆಗೆ ಮಾತ್ರ. ಇನ್ನೂರು ಆಸನ, ಆರು ಪ್ರದರ್ಶನ, ನೂರಕ್ಕೆ ಅರವತ್ತರಷ್ಟು ಭರ್ತಿ. ಅಂದರೆ 720 ಟಿಕೆಟ್. ಟಿಕೆಟ್‌ಗೆ 150 ರಾಂಡ್ (ರಾಂಡ್ ಅಲ್ಲಿಯ ನಾಣ್ಯ) ಎಂದರೆ 1,08,000 ರಾಂಡ್. ಉತ್ಸವಕ್ಕೆ ಐದನೇ ಒಂದು ಪಾಲು, ಉಳಿದುದರಲ್ಲಿ ನಾಟಕಕಾರನಿಗೆ ಹತ್ತನೇ ಒಂದು ಪಾಲು. ಮಿಕ್ಕಿದ್ದು ಸುಮಾರು 78,000. ಇಬ್ಬರು ನಟರು, ಒಬ್ಬ ನಿರ್ದೇಶಕ, ಒಬ್ಬ ತಂತ್ರಜ್ಞ, ಆರು ವಾರದ ತಾಲೀಮು, ಒಂದು ವಾರದ ಉತ್ಸವ ಎಂದಿಟ್ಟುಕೊಂಡರೆ ತಲೆಗೆ ವಾರಕ್ಕೆ ಮೂರು ಸಾವಿರ ರಾಂಡ್ ಕೂಡ ಬೀಳುವುದಿಲ್ಲ. ಪೆಟ್ರೋಲು, ವಸತಿ, ಪೋಸ್ಟರುಗಳ ಮಾತು ನಾನಿನ್ನೂ ಎತ್ತಿಲ್ಲ. ಮೂರನೆಯ ನಟ ಬೇಕೆಂದು ನಿರ್ದೇಶಕ ಕೇಳಿದರೆ ನಿರ್ಮಾಪಕನ ಮುಖ ಏಕೆ ಸಣ್ಣದಾಗುತ್ತದೆ ಎಂದು ಈಗ ಗೊತ್ತಾಯಿತಲ್ಲ. ಒಂದು ಉತ್ಸವದಿಂದ ಹೊಟ್ಟೆ ತುಂಬುವುದಿಲ್ಲ, ನಾಲ್ಕಾದರೂ ಬೇಕು. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಔಟ್ಸ್‌ಹೋರ್ನ್ ಉತ್ಸವ ರದ್ದಾದಾಗ ಮುರಿದುಬಿದ್ದದ್ದು ಒಂದು ವಾರದ ಗಳಿಕೆಯಲ್ಲ, ವರ್ಷದ ಸರಪಳಿಯ ಒಂದು ಕೊಂಡಿ.

ಇನ್ನು ಗಿರಾಕಿಯ ವಿಷಯ. ಆಫ್ರಿಕಾನ್ಸ್ ಎಂದೊಡನೆ ಬಿಳಿಯರ ಭಾಷೆ ಎಂದುಕೊಳ್ಳುವುದು ದೊಡ್ಡ ತಪ್ಪು. ಅದನ್ನು ಮನೆಮಾತಾಗಿ ಆಡುವವರಲ್ಲಿ ಸುಮಾರು ಅರ್ಧದಷ್ಟು ಮಂದಿ ಅಲ್ಲಿ ಕಲರ್ಡ್ ಎಂದು ಕರೆಯುವ, ಮಿಶ್ರ ಮೂಲದ ಸಮುದಾಯದವರು. ಉತ್ಸವಗಳ ಟಿಕೆಟ್ ಸಾಲಿನಲ್ಲಿ ಆ ಅನುಪಾತ ಬಹುಕಾಲ ಕಾಣಲಿಲ್ಲ. 1997ರಲ್ಲಿ ಔಟ್ಸ್‌ಹೋರ್ನ್‌ನಲ್ಲಿ ಹೆಸರಾಂತ ಕಪ್ಪು ಗಾಯಕಿ ಮಿರಿಯಂ ಮಕೇಬಾ ಹಾಡುತ್ತಿದ್ದಾಗ ಪ್ರೇಕ್ಷಕರ ಗುಂಪಿನಿಂದ ಬಿಯರ್ ಡಬ್ಬಿಗಳು ತೂರಿಬಂದವು. ಎಂಥ ಜಾಹೀರಾತು ಕೊಟ್ಟರೆ ಈ ಸುದ್ದಿ ಅಳಿಸೀತು? ಅರ್ಧ ಮಾರುಕಟ್ಟೆಯನ್ನು ಹೊರಗೇ ನಿಲ್ಲಿಸಿಕೊಂಡು ಪ್ರೇಕ್ಷಕರು ಕಡಿಮೆಯಾದರು ಎಂದು ಕೊರಗುವುದು ಪೆದ್ದುತನ. ಕೇಪ್ ಟೌನ್‌ನಲ್ಲಿ 2003ರಲ್ಲಿ ಹುಟ್ಟಿದ ಸೈಡ್‌ಊಸ್ಟರ್ ಉತ್ಸವ ಈ ಅರ್ಧದ ಕಡೆಗೇ ಮುಖ ಮಾಡಿತು. ಊರಿನ ಆಗ್ನೇಯ ಗಾಳಿಯ ಹೆಸರನ್ನು ಇಟ್ಟುಕೊಂಡದ್ದೂ ಜಾಣತನವೇ. ಆ ಗಾಳಿ ಕೇಪ್ ಟೌನ್‌ನಲ್ಲಿ ಯಾವ ಮನೆಯನ್ನೂ ಬಿಡುವುದಿಲ್ಲ.

ಈ ಸುತ್ತಾಟವೇ ಬೇಡವೆಂದು ಪ್ರೇಕ್ಷಕರನ್ನೇ ತನ್ನಲ್ಲಿಗೆ ಕರೆಸಿಕೊಂಡವನೂ ಒಬ್ಬನಿದ್ದಾನೆ. ಪೀಟರ್ ಡರ್ಕ್ ಏಸ್. ಎವಿಟಾ ಬೆಜೈಡನ್‌ಹೌಟ್ ಎಂಬ ಠೀವಿಯ ಹೆಂಗಸಿನ ವೇಷ ಹಾಕಿ ವರ್ಣಭೇದದ ಮಂತ್ರಿಗಳನ್ನು ನಗೆಪಾಟಲು ಮಾಡಿದಾತ. ಕೇಪ್ ಟೌನ್‌ನಿಂದ ಸುಮಾರು ಒಂದು ಗಂಟೆಯ ಹಾದಿಯ ಡಾರ್ಲಿಂಗ್ ಎಂಬ ಹಳ್ಳಿಯಲ್ಲಿ ಹಳೆಯ ರೈಲು ನಿಲ್ದಾಣವನ್ನು ಹಿಡಿದು ರಂಗಮಂದಿರ ಮಾಡಿದ. ಹೆಸರು ಎವಿಟಾ ಸೆ ಪೆರೊನ್. ಪೆರೊನ್ ಎಂದರೆ ಆಫ್ರಿಕಾನ್ಸ್‌ನಲ್ಲಿ ರೈಲ್ವೆ ಪ್ಲಾಟ್‌ಫಾರಂ, ಅರ್ಜೆಂಟೀನಾದ ಅಧ್ಯಕ್ಷನ ಹೆಂಡತಿಯಾಗಿದ್ದ ಎವಿಟಾ ಪೆರೊನ್ ಕೂಡ ಕಿವಿಗೆ ತಾಕುತ್ತಾಳೆ. ಹೆಸರು ಕೇಳಿದವನು ಮೊದಲು ನಗುತ್ತಾನೆ, ಆಮೇಲೆ ದಾರಿ ಕೇಳುತ್ತಾನೆ. ನಾಟಕದ ಜೊತೆಗೆ ಅಲ್ಲಿ ಊಟವಿತ್ತು, ವರ್ಣಭೇದದ ಕಾಲದ ಹಳೆಯ ಸಾಮಾನುಗಳನ್ನು ಜೋಡಿಸಿಟ್ಟ ತಮಾಷೆಯ ತೋಟವಿತ್ತು. ಭಾನುವಾರ ಕಾರು ಹತ್ತಿ ಬಂದ ಕುಟುಂಬ ಇಡೀ ದಿನ ಅಲ್ಲಿಯೇ ಕಳೆಯುತ್ತಿತ್ತು, ಊಟಕ್ಕೆ, ತೋಟಕ್ಕೆ, ಕೊನೆಗೆ ಎವಿಟಾ ಅಮ್ಮನ ಬೈಗುಳಕ್ಕೆ.

ನಮಸ್ಕಾರ.